ಅಕ್ಕಿ ಹಂಚಿದ್ರೆ ಸಾಕಾ, ಕೂಲಿ ಬಗ್ಗೆ ಕೇಳ್ಬಾರ್ದಾ?

ಪ್ರಶ್ನೆ: ನಮ್ಮ ಚರ್ಚ್ ಯುವಜನರ ಗುಂಪಿನಿಂದ ಪ್ರತಿ ಕ್ರಿಸ್‌ಮಸ್‌ಗೆ ಬಡವರಿಗೆ ಅಕ್ಕಿ, ಕಂಬಳಿ ಹಂಚ್ತೀವಿ. ಈ ಸಲ ಮೀಟಿಂಗಲ್ಲಿ ನಾನು, ನಮ್ಮ ಏರಿಯಾದ ಮನೆಗೆಲಸದವ್ರು, ಗಾರ್ಮೆಂಟ್ಸ್ ಹೆಣ್ಮಕ್ಕಳ ಸಂಬಳದ ಬಗ್ಗೆನೂ ಏನಾದ್ರೂ ಮಾಡೋಣ ಅಂದೆ. ‘ಅದೆಲ್ಲ ರಾಜಕೀಯ, ಚರ್ಚ್ ಒಳಗೆ ತರ್ಬೇಡ’ ಅಂದ್ಬಿಟ್ರು. ವಿಶ್ವಾಸಕ್ಕೂ ಇದಕ್ಕೂ ಸಂಬಂಧನೇ ಇಲ್ವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಇದೆ. ಯಕೋಬನ ಪತ್ರದ 5ನೇ ಅಧ್ಯಾಯ ತೆಗೆದು ಓದಿ, ಹೊಲ ಕೊಯ್ದವರಿಗೆ ಕೊಡದೆ ಇಟ್ಕೊಂಡ ಕೂಲಿ ಕೂಗ್ತಾ ಇದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ನೇರವಾಗೇ ಬರೆದಿದೆ. ಯಾಜಕಕಾಂಡ 19ರಲ್ಲಿ, ಕೂಲಿಯವನ ದುಡ್ಡು ರಾತ್ರಿಯೆಲ್ಲ ನಿನ್ ಹತ್ರ ಇರ್ಬಾರ್ದು ಅನ್ನೋ ಆಜ್ಞೆನೇ ಇದೆ. ಇದನ್ನೆಲ್ಲ ಪಕ್ಕಕ್ಕಿಟ್ಟು ಬರೀ ಕಂಬಳಿ ಹಂಚೋದು ಅಂದ್ರೆ ಬೈಬಲ್ಲಿನ ಅರ್ಧ ಪುಟ ಮುಚ್ಚಿಟ್ಟು ಓದಿದ ಹಾಗೆ. ಅಕ್ಕಿ ಕೊಡೋದು ಬೇಡ ಅಂತ ನಾನು ಹೇಳ್ತಿಲ್ಲ, ಹಸಿದವರಿಗೆ ಇವತ್ತೇ ಊಟ ಬೇಕು, ಆದ್ರೆ ಅವರಿಗೆ ನ್ಯಾಯವಾಗಿ ಬರ್ಬೇಕಾದ್ದನ್ನ ದಾನದ ಹೆಸರಲ್ಲಿ ಕೊಡೋದು ತಪ್ಪು.

ಎಲ್ಲಿಂದ ಶುರು ಮಾಡೋದು ಅಂದ್ರೆ, ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಅನ್ನೋ ಫಾದರ್ ತೋರಿಸಿದ ದಾರಿ ನನಗೆ ಬಹಳ ಇಷ್ಟ. ಫಾದರ್ ಆಗೋಕೆ ಓದೋ ಸೆಮಿನರಿಯಿಂದ ಊರಿಗೆ ಬಂದಾಗ ಅವರ ಜೊತೆ ಸ್ಕೂಲಲ್ಲಿ ಓದಿದ ಹುಡುಗ್ರೆಲ್ಲ ಆಗ್ಲೇ ಫ್ಯಾಕ್ಟರಿ ಸೇರಿದ್ರು, ಚರ್ಚಿಂದ ದೂರ ಆಗಿದ್ರು, ಇವರನ್ನ ತಮ್ಮವ ಅಂತ ನೋಡ್ತಾನೇ ಇರ್ಲಿಲ್ಲ, ಆ ನೋವು ಅವರನ್ನ ಜೀವನ ಪೂರ್ತಿ ಬಿಡ್ಲಿಲ್ಲ. 1912ರಿಂದ ಬ್ರಸೆಲ್ಸ್ ಹತ್ರದ ಲಾಕೆನ್‌ನಲ್ಲಿ ಹೊಲಿಗೆ ಕೆಲಸದ ಹುಡ್ಗೀರನ್ನ ಸೇರಿಸಿ ಗುಂಪು ಕಟ್ಟಿದ್ರು, 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿ ಶುರುವಾಯ್ತು. ಅವರ ಪದ್ಧತಿ ಮೂರೇ ಮಾತು: ನೋಡು, ಶುಭಸಂದೇಶದ (ಯೇಸುವಿನ ಬೋಧನೆಯ) ಬೆಳಕಲ್ಲಿ ತೂಗು, ಕೆಲಸಕ್ಕಿಳಿ. ಇದರಲ್ಲಿ ಮುಖ್ಯ ಏನಂದ್ರೆ ನೋಡೋರು ಫಾದರ್ ಅಲ್ಲ, ದುಡಿಯೋ ಮಕ್ಕಳೇ ತಮ್ಮ ಕೆಲಸದ ಗಂಟೆ, ಸಂಬಳ, ಫ್ಯಾಕ್ಟರಿ ಸ್ಥಿತಿ ವಿಚಾರಿಸಿ ಬಂದು ಹೇಳ್ಬೇಕಿತ್ತು. 1961ರಲ್ಲಿ ಪೋಪ್ 23ನೇ ಜಾನ್ ಕೂಡ ತಮ್ಮ ವಿಶ್ವಪತ್ರದಲ್ಲಿ, ಅಂದ್ರೆ ಪೋಪ್ ಬರೆಯೋ ಬೋಧನಾ ಪತ್ರದಲ್ಲಿ, ಇದೇ ದಾರಿಯನ್ನ ಇಡೀ ಧರ್ಮಸಭೆಗೆ (ಕಥೋಲಿಕ ಚರ್ಚ್‌ಗೆ) ಹೇಳಿದ್ರು, ಅಂದ್ಮೇಲೆ ಇದು ಹೊರಗಿಂದ ತಂದಿದ್ದು ಅನ್ನೋ ಮಾತೇ ಬರಲ್ಲ.

ನೀವು ಹೀಗೆ ಮಾಡ್ಬಹುದು. ಮೊದ್ಲು ನಿಮ್ಮ ಗುಂಪಿನವರ ಮನೇಲೇ ಕೆಲ್ಸ ಮಾಡೋ ಅಕ್ಕಂದಿರ ಜೊತೆ ಕೂತು ಮಾತಾಡಿ, ವಾರದ ರಜೆ ಇದ್ಯಾ, ಹುಷಾರಿಲ್ಲ ಅಂದ್ರೆ ಸಂಬಳ ಕಟ್ ಮಾಡ್ತಾರಾ ಅಂತ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದ್ದಾರೆ, ಎಷ್ಟೋ ಕ್ರೈಸ್ತ ಮನೆಗಳಿಗೂ ಈ ವಿಷಯ ಗೊತ್ತಿಲ್ಲ. ಆಮೇಲೆ ಚರ್ಚ್ ಮತ್ತು ಅದರ ಶಾಲೆಯಲ್ಲಿ ಕಂಟ್ರಾಕ್ಟ್ ಮೇಲೆ ಕಸ ಗುಡಿಸೋರಿಗೆ ಪಿಎಫ್, ಇಎಸ್‌ಐ ಕಟ್ತಿದ್ದಾರಾ ಅಂತ ಫಾದರ್‌ನ ಗೌರವದಿಂದ್ಲೇ ಕೇಳಿ. ಈ ಪ್ರಶ್ನೆ ಕೇಳೋಕೆ ಧೈರ್ಯ ಬೇಕು, ಒಬ್ರೇ ಹೋಗ್ಬೇಡಿ, ನಾಲ್ಕು ಜನ ಸೇರಿ ಹೋಗಿ. ಕ್ರಿಸ್‌ಮಸ್ ಅಕ್ಕಿಗೆ ಸೇರಿಸೋ ದುಡ್ಡಲ್ಲಿ ಸ್ವಲ್ಪ ತೆಗೆದು ಕಾರ್ಮಿಕ ಕಾನೂನು ಗೊತ್ತಿರೋ ವಕೀಲರನ್ನ ಒಂದು ಭಾನುವಾರ ಕರೆಸಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತಾರೆ. ಮದುವೆ ಮಾತು ಬಂದಾಗ ಮಾತ್ರ ಎಲ್ಲಾ ನೆನಪಾಗತ್ತೆ. ಇದಕ್ಕೇನ್ ಹೇಳ್ತೀರಿ?
– ಓದುಗರೊಬ್ಬರು, ಕೋಲಾರ

ಉತ್ತರ: ಇದೆ ಅಂತ ಮೊದ್ಲು ಒಪ್ಕೋಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿನೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆ ಒಳಗೇ ತಾರತಮ್ಯ ಇದೆ ಅಂತ ಬರೆದು ಒಪ್ಕೊಂಡಿದೆ. ಇನ್ನೊಂದು ಕಡೆ, ಪರಿಶಿಷ್ಟ ಜಾತಿ ಸ್ಥಾನ ಯಾವ ಧರ್ಮದವರಿಗೆ ಅಂತ ಗೊತ್ತು ಮಾಡೋ 1950ರ ರಾಷ್ಟ್ರಪತಿ ಆದೇಶ. ಅದಕ್ಕೆ 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರೂ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿ ಸ್ಥಾನ ಸಿಗ್ಲಿಲ್ಲ. ಸರ್ಕಾರದ ಹತ್ರ ಈ ನ್ಯಾಯ ಕೇಳ್ಲೇಬೇಕು, ಆದ್ರೆ ಕೇಳೋ ನಾವು ನಮ್ಮ ಚರ್ಚ್ ಕಮಿಟಿಯಲ್ಲಿ ದಲಿತರು ಎಷ್ಟು ಜನ ಇದ್ದಾರೆ, ಶಾಲೆಯ ಸೀಟು, ಕೆಲಸ ಯಾರಿಗೆ ಸಿಗ್ತಿದೆ ಅಂತ ಲೆಕ್ಕ ತೆಗೀಬೇಕು. ನಿಮ್ಮ ಧರ್ಮಕೇಂದ್ರದ (ನಿಮ್ಮ ಏರಿಯಾದ ಚರ್ಚ್‌ನ) ಮುಂದಿನ ಸಭೆಯಲ್ಲಿ ಆ 2016ರ ನೀತಿನ ಓದಿಸಿ ಅಂತ ಲಿಖಿತವಾಗಿ ಕೇಳಿ.