ಎಷ್ಟರಲ್ಲಿ ಎಷ್ಟು, ಸಿಸ್ಟರ್?

ಕಾಸರಗೋಡಿನ ಬದಿಯಡ್ಕದ ಆಚೆಯ ಒಂದು ಆರೋಗ್ಯ ಕೇಂದ್ರದಿಂದ ಸಿಸ್ಟರ್ ಒಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹತ್ತನೇವರೆಗೆ ಕನ್ನಡ ಮಾಧ್ಯಮ, ನರ್ಸಿಂಗ್ ಇಂಗ್ಲಿಷಿನಲ್ಲಿ, ಈಗ ದಿನಾ ತುಂಬಿಸುವ ರಿಜಿಸ್ಟರು ಮಲಯಾಳದಲ್ಲಿ. ಫೋನಿನಲ್ಲೇ ಎಪಿಡೆಮಿಯಾಲಜಿಯ, ಅಂದರೆ ಕಾಯಿಲೆ ಯಾರಿಗೆ, ಎಷ್ಟು, ಯಾಕೆ ಬರುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರದ, ಆನ್‌ಲೈನ್ ಕೋರ್ಸಿಗೆ ಸೇರಿದ್ದಾರೆ. ಮೂರನೇ ವಾರ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಬಂತಂತೆ, ಗಾಡಿ ಅಲ್ಲಿಗೇ ನಿಂತಿತಂತೆ. "ಕ್ಲಾಸಿನಲ್ಲಿ ಕೂತು ಕಲಿತಷ್ಟು ಇದರಲ್ಲಿ ಬರುತ್ತದಾ? ಇಂಥ ಕೋರ್ಸನ್ನು ನೂರಕ್ಕೆ ಮೂರು ಮಂದಿ ಮಾತ್ರ ಮುಗಿಸುವುದಂತೆ, ಹೌದಾ? ನಾನು ಸುಮ್ನೆ ಸಮಯ ಹಾಳು ಮಾಡ್ತಾ ಇದ್ದೇನಾ?" ಇದು ಅವರ ಪ್ರಶ್ನೆ.

ಸಿಸ್ಟರ್, ಮೊದಲು ಆ ಮೂರರ ವಿಷಯ. ಅದು ಸುಳ್ಳಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. 2017-18ರಲ್ಲಿ ಮುಗಿಸಿದವರು ಸುಮಾರು ಶೇ. 3. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ನಿಮಗೆ ಹೇಳಿದ ಹಾಗಿಲ್ಲ. ಹೆಸರು ಕೊಟ್ಟವರಲ್ಲಿ ಅರ್ಧಕ್ಕೂ ಜಾಸ್ತಿ ಮಂದಿ ಕೋರ್ಸಿನ ಬಾಗಿಲನ್ನೇ ತೆರೆದು ನೋಡಿರಲಿಲ್ಲ. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆಂದು ಸೇರಿದವರನ್ನು ಮಾತ್ರ ಎಣಿಸಿದರೆ ಮುಗಿಸಿದವರು ಶೇ. 46. ಕೋರ್ಸು ಅದೇ, ವರ್ಷವೂ ಅದೇ, ಬದಲಾದದ್ದು ಕೆಳಗಿನ ಸಂಖ್ಯೆ. ಕನ್ನಡ ಮಾಧ್ಯಮದಲ್ಲಿ ನಾವು ಅಂಶ, ಛೇದ ಅಂತ ಕಲಿತಿದ್ದೆವಲ್ಲ, ಆ ಛೇದ. ಹಾಗಂತ ದುಡ್ಡು ಕಟ್ಟಿದರೆ ಮುಗಿಸುತ್ತೀರಿ ಅಂದುಕೊಳ್ಳಬೇಡಿ. ಮುಗಿಸಲೇಬೇಕು ಎಂದು ಹಟ ಇದ್ದವರೇ ದುಡ್ಡು ಕಟ್ಟಿರಬಹುದು, ಅಲ್ವಾ?

ನಿಮಗೆ ಗೊತ್ತಾಗಿರಬೇಕು, ಇಷ್ಟು ಹೊತ್ತು ನಾವು ಮಾತಾಡಿದ್ದು ಎಪಿಡೆಮಿಯಾಲಜಿಯೇ.

ಕ್ಲಾಸಿನಷ್ಟು ಬರುತ್ತದಾ ಎನ್ನುವುದಕ್ಕೂ ಒಂದು ಉತ್ತರ ಇದೆ. 2008ರಲ್ಲಿ ಡೇವಿಡ್ ಕುಕ್ ಮತ್ತು ಜೊತೆಯವರು ವೈದ್ಯರು, ನರ್ಸುಗಳಂಥವರಿಗೆ ಇಂಟರ್ನೆಟ್ಟಿನಲ್ಲಿ ಕಲಿಸಿದ 201 ಅಧ್ಯಯನಗಳನ್ನು ಒಟ್ಟು ಹಾಕಿ 'ಜಾಮಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಏನೂ ಕಲಿಸದೆ ಬಿಟ್ಟವರ ಎದುರು ನೋಡಿದರೆ ಲಾಭ ತುಂಬಾ ದೊಡ್ಡದು. ಬೇರೆ ರೀತಿಯಲ್ಲಿ ಕಲಿತವರ ಎದುರು ನೋಡಿದರೆ ಹೆಚ್ಚು ಕಡಿಮೆ ಒಂದೇ. ಈಗ ನೀವೇ ಹೇಳಿ, ಡ್ಯೂಟಿ ಮುಗಿಸಿ, ಬಸ್ಸು ಹಿಡಿದು, ಮನೆಗೆ ಬಂದು ಅನ್ನಕ್ಕಿಡುವ ನಿಮ್ಮ ಎದುರು ಇರುವ ಇನ್ನೊಂದು ದಾರಿ ಯಾವುದು? ಪೆರಿಯದ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಎಂಪಿಎಚ್ ಇದೆ, ಆದರೆ ಕೆಲಸ ಬಿಟ್ಟು ಹೋಗುವಿರಾ? ನಿಮ್ಮ ಫೋನಿನ ಕೋರ್ಸಿಗೆ ಎದುರಾಳಿ ಕ್ಲಾಸಲ್ಲ, ಏನೂ ಇಲ್ಲದಿರುವುದು.

ಇನ್ನು ಗಾಡಿ ನಿಂತ ಜಾಗ. ವಿಡಿಯೋ ಬಂದ್ ಮಾಡಿ, ಒಂದು ಕಾಗದ ತೆಗೆಯಿರಿ. ಪರ್ಸೆಂಟ್ ಬೇಡ, ಮಂದಿಯನ್ನು ಬರೆಯಿರಿ. ಒಂದು ಊರಲ್ಲಿ 1000 ಮಂದಿ, ಅವರಲ್ಲಿ 10 ಮಂದಿಗೆ ಒಂದು ಕಾಯಿಲೆ. ನಿಮ್ಮ ಕೈಲಿರುವ ಪರೀಕ್ಷೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಅದು ಸೆನ್ಸಿಟಿವಿಟಿ. ಇಲ್ಲದವರಲ್ಲಿ ನೂರಕ್ಕೆ 90 ಮಂದಿಗೆ ಇಲ್ಲ ಅಂತಲೇ ಹೇಳುತ್ತದೆ, ಅದು ಸ್ಪೆಸಿಫಿಸಿಟಿ. ಈಗ ಎಣಿಸಿ. ಕಾಯಿಲೆಯ 10ರಲ್ಲಿ 9 ಸಿಕ್ಕಿಬಿದ್ದರು. ಕಾಯಿಲೆ ಇಲ್ಲದ 990ರಲ್ಲಿ 99 ಮಂದಿಗೂ ಪಾಸಿಟಿವ್ ಬಂತು. ಒಟ್ಟು ಪಾಸಿಟಿವ್ 108, ನಿಜವಾಗಿ ಕಾಯಿಲೆ ಇರುವವರು 9. ಅಂದರೆ ಪಾಸಿಟಿವ್ ಬಂದ ನೂರು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಮಾತ್ರ. ನಂಬಿಕೆ ಬರದಿದ್ದರೆ ಇನ್ನೊಮ್ಮೆ ಎಣಿಸಿ, ನಾನೂ ಮೂರು ಸಲ ಎಣಿಸಿದ್ದೇನೆ. ಆಮೇಲೆ 10ರ ಜಾಗದಲ್ಲಿ 300 ಹಾಕಿ ನೋಡಿ. ಪರೀಕ್ಷೆ ಅದೇ, ಊರು ಬೇರೆ, ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಇನ್ಸಿಡೆನ್ಸ್, ಪ್ರಿವಲೆನ್ಸ್ ಕಲಸಿಹೋಗುತ್ತದೆ ಅಂತಲೂ ಬರೆದಿದ್ದೀರಿ. ನಮ್ಮ ಕಡೆಯವರಿಗೆ ಹಾಗಾಗಬಾರದು. ಗುಡ್ಡ ಕೊರೆದ ಸುರಂಗದಿಂದ ಹೊಸತಾಗಿ ಬರುವ ನೀರು ಇನ್ಸಿಡೆನ್ಸ್, ಅಂದರೆ ಹೊಸ ರೋಗಿಗಳು. ಕೆಳಗಿನ ಕೆರೆಯಲ್ಲಿ ಈಗ ನಿಂತಿರುವ ನೀರು ಪ್ರಿವಲೆನ್ಸ್, ಅಂದರೆ ಈಗ ಇರುವ ಒಟ್ಟು ರೋಗಿಗಳು. ತೋಟಕ್ಕೆ ಬಿಟ್ಟು ಖಾಲಿಯಾಗುವುದು, ಗುಣವಾದವರು ಮತ್ತು ತೀರಿಕೊಂಡವರು. ಸಕ್ಕರೆ ಕಾಯಿಲೆಯವರು ಒಳ್ಳೆಯ ಔಷಧಿಯಿಂದ ಜಾಸ್ತಿ ವರ್ಷ ಬದುಕಿದರೆ ಹೊರಗೆ ಹೋಗುವುದು ಕಡಿಮೆ, ಕೆರೆ ತುಂಬುತ್ತದೆ. ಊರಲ್ಲಿ ಶುಗರ್ ಜಾಸ್ತಿಯಾಯ್ತು ಎಂದು ಹೆದರುವ ಮೊದಲು ಸುರಂಗವನ್ನೂ ಒಮ್ಮೆ ಇಣುಕಿ ನೋಡಬೇಕು.

ಕೋವಿಡ್ ಕಾಲದ ಟಿಪಿಆರ್, ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಎಂಬ ಲೆಕ್ಕ, ನೆನಪಿದೆಯಾ? 2021ರಲ್ಲಿ ಪಂಚಾಯತುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುವಾಗ ಚಹಾದ ಅಂಗಡಿಯಲ್ಲೂ ಅದೇ ಮಾತು. ಅದರ ಛೇದದಲ್ಲಿ ಇದ್ದದ್ದು ಊರಿನ ಜನ ಅಲ್ಲ, ಪರೀಕ್ಷೆ ಮಾಡಿಸಿಕೊಂಡವರು. ಇಷ್ಟನ್ನು ಹೇಳುವವರು ಆಗ ಬೇಕಿತ್ತು.

ಜಾನ್ ಸ್ನೋ, 1854, ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪು, ಕಾಲರಾ. ಸತ್ತವರ ಮನೆಗಳನ್ನು ಗುರುತಿಸಿ, ಕಾಲರಾ ಬರುವುದು ಆ ಪಂಪಿನ ನೀರಿನಿಂದ ಎಂದು ತೋರಿಸಿದ ವೈದ್ಯ. ಎಲ್ಲ ಕೋರ್ಸೂ ಅಲ್ಲಿಂದಲೇ ಶುರು, ಇರಲಿ. ಆದರೆ ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ, ಇಷ್ಟು ಸಣ್ಣ ಊರಲ್ಲಿ ಇಷ್ಟು ಕಾಯಿಲೆ ಯಾಕೆ ಎಂದು ಕೇಳಿದರು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು ವರ್ಷಗಟ್ಟಲೆ ನಡೆದುಬಂದಿತ್ತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ (ಎನ್‌ಐಒಎಚ್) ತಂಡ ಬಂತು. ಅವರು ಪಡ್ರೆಯ ಮಕ್ಕಳನ್ನು ಮಾತ್ರ ನೋಡಿ ಹೋಗಲಿಲ್ಲ, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳನ್ನೂ ನೋಡಿದರು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಡೆ 117 ಹುಡುಗರು, ಆ ಕಡೆ 90. ಈ ಕಡೆಯವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎನ್ನುವ ಸೂಚನೆ ಕಂಡಿತು. ಆ 90 ಹುಡುಗರಿಲ್ಲದಿದ್ದರೆ 117ಕ್ಕೆ ಏನರ್ಥ? ಇದನ್ನು ನಿಮ್ಮ ಪಾಠವಾಗಿ ಓದಿ. ಎರಡೂ ಜಾಗ ನಿಮಗೆ ಗೊತ್ತು, ಅಷ್ಟೇ ಅಲ್ಲ, ಗುಂಪು ಇನ್ನೂ ದೊಡ್ಡದಿರಬೇಕಿತ್ತಾ, ಎರಡು ಊರಿಗೆ ಬೇರೆ ವ್ಯತ್ಯಾಸ ಇತ್ತಾ ಎಂದು ಜಗಳಾಡಲೂ ನಿಮಗೆ ಬರುತ್ತದೆ.

ಕೋರ್ಸಿನ ವಿಷಯದಲ್ಲಿ ನನ್ನ ಸಲಹೆ ಕಡಿಮೆ. ಚೆನ್ನೈಯ ಐಸಿಎಂಆರ್ ಎಪಿಡೆಮಿಯಾಲಜಿ ಸಂಸ್ಥೆಯವರ ಪಾಠಗಳು ಸ್ವಯಂ, ಎನ್‌ಪಿಟಿಇಎಲ್ ಎಂಬ ಸರಕಾರಿ ಆನ್‌ಲೈನ್ ತಾಣಗಳಲ್ಲಿ ಬಂದಿವೆ, ನೋಡಲು ದುಡ್ಡಿಲ್ಲ. ಇಂಥ ಲೆಕ್ಕ ಮಾಡಿಕೊಡುವ ಓಪನ್‌ಎಪಿ ಎಂಬ ತಾಣವೂ ಪುಕ್ಕಟೆ. ವಿಡಿಯೋ ಕಡಿಮೆ ನೋಡಿ, ಕೊಟ್ಟ ಲೆಕ್ಕ ಜಾಸ್ತಿ ಮಾಡಿ, ತಪ್ಪಿದ್ದನ್ನು ಆ ಕ್ಷಣವೇ ತೋರಿಸುವುದರಲ್ಲಿ ಮೇಷ್ಟ್ರಿಗಿಂತ ಯಂತ್ರವೇ ವಾಸಿ. ಜೊತೆಗೆ ಇಬ್ಬರನ್ನು ಸೇರಿಸಿಕೊಂಡು ವಾರಕ್ಕೊಮ್ಮೆ ಕೂತು ತುಳುವಿನಲ್ಲೋ ಕನ್ನಡದಲ್ಲೋ ಒಬ್ಬರಿಗೊಬ್ಬರು ಹೇಳಿಕೊಡಿ. ರೋಗಿಗಳ ಹೆಸರು ಮಾತ್ರ ವಾಟ್ಸಾಪಿಗೆ ಬರಬಾರದು.

ಆಮೇಲೆ ನಿಮ್ಮ ರಿಜಿಸ್ಟರು ತೆಗೆದು ಕಳೆದ ಮಳೆಗಾಲದ ಡೆಂಗಿ, ಇಲಿಜ್ವರ ಎಣಿಸಿ. ಅಲ್ಲಿ ನಮ್ಮ ಊರಿನದೇ ಒಂದು ತೊಡಕು ಬರುತ್ತದೆ. ಜ್ವರ ಏರಿದರೆ ನಮ್ಮವರು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅವರು ನಿಮ್ಮ ವಾರ್ಡಿನ ಜನಸಂಖ್ಯೆಯಲ್ಲಿ ಇದ್ದಾರೆ, ನಿಮ್ಮ ಪುಸ್ತಕದ ಜ್ವರದ ಪಟ್ಟಿಯಲ್ಲಿ ಇಲ್ಲದಿರಬಹುದು. ಛೇದದಲ್ಲಿ ಇರುವವರು ಅಂಶದಲ್ಲಿ ಕಾಣೆ. ಆಶಾದವರ ಜೊತೆ ಮನೆಮನೆಗೆ ಹೋಗಿ ಕೇಳಿದರೆ ಇನ್ನೆಷ್ಟು ಮಂದಿ ಸಿಕ್ಕಿದರು ಎಂದು ನನಗೆ ಬರೆಯಿರಿ, ಹೆಸರಿಲ್ಲದೆಯೇ ಅಚ್ಚು ಹಾಕುತ್ತೇನೆ.

ಸಂ.