ಮೂರೆಲೆ ಆಡಿದವರಿಗೆ ಪೋಕರ್‌ನಲ್ಲಿ ಯಾಕೆ ಎಡವಟ್ಟು?

ಪ್ರಶ್ನೆ: ದೀಪಾವಳಿಗೆ ಮನೆಯಲ್ಲಿ ಮೂರೆಲೆ ಆಡುವವರು ನಾವು. ಅದರಲ್ಲಿ ಕಲರ್‌ಗಿಂತ (ಎಲ್ಲವೂ ಒಂದೇ ಜಾತಿಯ ಎಲೆ) ಸೀಕ್ವೆನ್ಸ್ (ಸಾಲಾಗಿ ಬರುವ ಅಂಕಿ) ದೊಡ್ಡದು. ಪೋಕರ್‌ನಲ್ಲಿ ತಿರುಗಾಮುರುಗಾ ಅಂತಾರೆ. ಯಾವುದು ಸರಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಎರಡೂ ಸರಿ, ಮಾರಾಯ್ರೆ. ಸಾಗರ, ಹೊಸನಗರ, ಭದ್ರಾವತಿ, ಎಲ್ಲಿಂದ ಪತ್ರ ಬಂದರೂ ಇದೇ ಪ್ರಶ್ನೆ. ‘ಪೋಕರ್‌ನವರು ಸುಮ್ಮನೆ ಅದಲುಬದಲು ಮಾಡಿದ್ದಾರೆ’ ಎಂದು ಹೇಳಿಕೊಡುವ ಪಂಡಿತರು ಎಲೆ ಎಣಿಸಿಲ್ಲ, ಅಷ್ಟೇ.

ಅಪರೂಪಕ್ಕೆ ಬರುವ ಕೈಗೆ ಮೇಲಿನ ಸ್ಥಾನ. 52 ಎಲೆಯಲ್ಲಿ ಮೂರು ಎತ್ತಿದರೆ ಕಲರ್ ಆಗುವ ಜೋಡಣೆ 1,096, ಸೀಕ್ವೆನ್ಸ್ 720. ಪೋಕರ್‌ನಂತೆ ಐದು ಎತ್ತಿ ನೋಡಿ: ಸ್ಟ್ರೇಟ್ (ಅಲ್ಲಿನ ಸೀಕ್ವೆನ್ಸ್) 10,200, ಫ್ಲಶ್ (ಅಲ್ಲಿನ ಕಲರ್) ಬರೀ 5,108. ಒಂದೇ ಜಾತಿಯ ಮೂರು ಎಲೆ ನೂರಕ್ಕೆ ಐದು ಸಲ ಕೂಡಬಹುದು. ಐದು ಕೂಡುವುದು ಸಾವಿರಕ್ಕೆ ಎರಡೇ ಸಲ. ಸೀಕ್ವೆನ್ಸ್ ಅಷ್ಟು ಜೋರಾಗಿ ಕುಸಿಯುವುದಿಲ್ಲ.

ಏಟು ಬೀಳುವುದು ಹೀಗೆ. ಪೋಕರ್‌ನಲ್ಲಿ ಹೆಚ್ಚಾಗಿ ಆಡುವ ಬಗೆಯಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದು; ಈ ಏಳರಲ್ಲಿ ಒಳ್ಳೆಯ ಐದೇ ಲೆಕ್ಕಕ್ಕೆ. ನೆಲದ ಮೇಲೆ ಇಸ್ಪೀಟಿನ 6, 7, ರಾಜ, ಜೊತೆಗೆ ಹಾರ್ಟಿನ 8, ಡೈಮಂಡಿನ 2. ನಿಮ್ಮ ಕೈಯಲ್ಲಿ ಡೈಮಂಡಿನ 9, ಕ್ಲಾವರಿನ 10. ಆರರಿಂದ ಹತ್ತರವರೆಗೆ ಸ್ಟ್ರೇಟ್! ಮೂರೆಲೆ ಪಳಗಿದ ಕೈ ಆಗಲೇ ಪಾಟಿನತ್ತ (ನಡುವೆ ಕೂಡಿದ ಪಣದತ್ತ) ಚಾಚಿರುತ್ತದೆ. ಎದುರಿನವರು ಇಸ್ಪೀಟಿನ 3, 4 ಬಿಚ್ಚುತ್ತಾರೆ. ಚಿಲ್ಲರೆ ಎಲೆಗಳೇ, ಆದರೆ ಫ್ಲಶ್. ಪಾಟು ಅವರದು.

ಕೆಳಗಿನಿಂದ ಬಾಯಿಪಾಠ ಮಾಡಿ: ಬಿಡಿ ಎಲೆ, ಪೇರ್ (ಒಂದೇ ಅಂಕಿಯ ಎರಡು), ಎರಡು ಪೇರ್, ಒಂದೇ ಅಂಕಿಯ ಮೂರು, ಸ್ಟ್ರೇಟ್, ಫ್ಲಶ್, ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಪೇರ್), ಒಂದೇ ಅಂಕಿಯ ನಾಲ್ಕು, ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯ ಸ್ಟ್ರೇಟ್). ಚಾರ್ಟ್ ಗೋಡೆಗೆ ಅಂಟಿಸಿದರೆ ತಲೆಗೆ ಇಳಿಯುವುದಿಲ್ಲ. ಏಳು ಎಲೆ ಹಾಸಿ, ಅದರಲ್ಲಿ ಒಳ್ಳೆಯ ಐದನ್ನು ಆರಿಸಿ ಹೆಸರು ಹೇಳಿ. ದಿನಕ್ಕೆ ಇಪ್ಪತ್ತು ಸಲ, ಒಂದು ವಾರ. ಇಬ್ಬರಿಗೂ ಫುಲ್ ಹೌಸ್ ಬಂದರೆ ಮೊದಲು ನೋಡಬೇಕಾದದ್ದು ಮೂರರ ಗುಂಪು. 3-3-3-2-2ರ ಮುಂದೆ 2-2-2-ಎಕ್ಕ-ಎಕ್ಕ ಸೋಲುತ್ತದೆ. ಎಕ್ಕ ಕಂಡ ಕೂಡಲೇ ಹಿಗ್ಗುವವರು ಇಲ್ಲೇ ಜಾರುವುದು.

ಪ್ರಶ್ನೆ: ಇಸ್ಪೀಟಿನ ಎಕ್ಕ ಹಾರ್ಟಿನ ಎಕ್ಕಕ್ಕಿಂತ ದೊಡ್ಡದಲ್ಲವೇ?

ಉತ್ತರ: ಅಲ್ಲ. ಕೈ ಸಮವಾದರೆ ಪಾಟು ಹಂಚಿಕೊಳ್ಳಿ.

ಪ್ರಶ್ನೆ: ನನಗೆ ಮೂರು ಪೇರ್ ಬಂತು, ಎರಡು ಪೇರ್‌ನವರು ಒಪ್ಪಲಿಲ್ಲ.

ಉತ್ತರ: ಒಪ್ಪಬೇಕಾಗಿಯೂ ಇಲ್ಲ. ಲೆಕ್ಕಕ್ಕೆ ಐದೇ ಎಲೆ, ಮೂರನೇ ಪೇರ್ ಹಿಡಿಸಲು ಜಾಗವೆಲ್ಲಿ?

ಪ್ರಶ್ನೆ: ರಾಣಿ-ರಾಜ-ಎಕ್ಕ-2-3 ಸ್ಟ್ರೇಟ್ ಆಗುತ್ತದೆಯೇ?

ಉತ್ತರ: ಇಲ್ಲ. ಎಕ್ಕ ಒಂದೋ ತುದಿ, ಇಲ್ಲವೋ ಬುಡ. ಎಕ್ಕ-2-3-4-5 ಆಗುತ್ತದೆ; ಆದರೆ ಅದು ಎಲ್ಲಕ್ಕಿಂತ ಸಣ್ಣ ಸ್ಟ್ರೇಟ್. ಮೂರೆಲೆಯ ಎಕ್ಕ-2-3ರ ಗತ್ತು ಇಲ್ಲಿ ನಡೆಯದು.

ಪ್ರಶ್ನೆ: ಮೊಬೈಲಿನಲ್ಲಿ ಸ್ವಲ್ಪ ದುಡ್ಡು ಹಾಕಿ ಆಡಿದರೆ ಬೇಗ ಕಲಿಯಬಹುದಂತೆ?

ಉತ್ತರ: ಹಾಗೆಂದವರು ಏನೋ ಮಾರಲು ಬಂದಿರುತ್ತಾರೆ. ಆನ್‌ಲೈನ್ ಹಣದಾಟ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರಲ್ಲೇ ಮಾಡಿದೆ. ಚಿಪ್ಸ್ ಬೇಕೇ? ಅಂಗಳದಲ್ಲಿ ಗೋಟಡಿಕೆ ಬಿದ್ದಿರುತ್ತದೆ, ಆರಿಸಿಕೊಳ್ಳಿ.