ಸ್ಕೈವಾಕ್ ಬೇಡ, ನೆಲದ ಮೇಲೆಯೇ ದಾರಿ ಕೇಳಿ

ರಸ್ತೆ ಸುರಕ್ಷತೆಯ ಬಗ್ಗೆ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಸ್ಕೈವಾಕ್, ಅಂದರೆ ರಸ್ತೆಯ ಮೇಲೆ ಹಾಯುವ ಪಾದಚಾರಿ ಸೇತುವೆ, ಎಂಬ ಒಂದೇ ಪದದ ಸುತ್ತ ಸುತ್ತುತ್ತವೆ. ಬಿಡಿಬಿಡಿಯಾಗಿ ಉತ್ತರಿಸಿ ಬೇಸತ್ತಿರುವುದರಿಂದ ಈ ಸಲ ಒಂದು ಪತ್ರಕ್ಕೆ ವಿವರವಾಗಿ ಬರೆದು, ಉಳಿದವಕ್ಕೆ ಅವುಗಳ ಯೋಗ್ಯತೆಗೆ ತಕ್ಕಷ್ಟು ಜಾಗ ಕೊಟ್ಟಿದ್ದೇನೆ. ಎಡಬಲ ನೋಡಿ ದಾಟಿರೆಂಬ ಪಾಠ ಇಲ್ಲಿಲ್ಲ.

ಪ್ರಶ್ನೆ: ಬೆಂಗಳೂರಿನ ತಲಘಟ್ಟಪುರದ ಬಳಿ ನಮ್ಮ ಬಡಾವಣೆ ಕನಕಪುರ ರಸ್ತೆಗೆ ಹೊಂದಿಕೊಂಡಿದೆ. ನಗರದ ಕಡೆಗೆ ಹೋಗುವ ಬಸ್ಸಿನ ತಂಗುದಾಣ, ಔಷಧಿ ಅಂಗಡಿ, ಮಕ್ಕಳ ಶಾಲೆ ಎಲ್ಲವೂ ಎದುರು ಬದಿಯಲ್ಲಿವೆ. ಡಿವೈಡರ್‌ನ ಎರಡೂ ಕಡೆ ಮೂರು ಮೂರು ಸಾಲು ವಾಹನಗಳು ಓಡುತ್ತವೆ. ಸ್ಕೈವಾಕ್‌ಗೆ ಮನವಿ ಕೊಟ್ಟು ಕಾಯುತ್ತಿದ್ದೇವೆ. ಬೇಗ ಆಗಲು ಏನು ಮಾಡಬೇಕು?

ಉತ್ತರ: ಮೊದಲು ಆ ಮನವಿಯನ್ನು ಹಿಂದಕ್ಕೆ ಪಡೆಯಿರಿ. ಸ್ಕೈವಾಕ್‌ನ ಕೆಳಗೆ ಲಾರಿ, ಬಸ್ಸುಗಳು ಹಾಯಲು ಐದೂವರೆ ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆಯ ದಪ್ಪವೂ ಸೇರಿದರೆ ನಡೆಯುವ ನೆಲ ಆರು ಮೀಟರಿಗೆ ಏರುತ್ತದೆ. 15 ಸೆಂಟಿಮೀಟರ್ ಎತ್ತರದ ಮೆಟ್ಟಿಲುಗಳೆಂದುಕೊಂಡರೆ ಹತ್ತಲು 40, ಇಳಿಯಲು 40. ಮೊಣಕಾಲು ನೋವಿನ ಅಜ್ಜಿಯಾಗಲಿ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದವರಾಗಲಿ, ಬಸ್ಸು ಕಣ್ಣೆದುರಿಗೇ ಬರುತ್ತಿರುವಾಗ ವಿದ್ಯಾರ್ಥಿಯಾಗಲಿ ಇದನ್ನು ಹತ್ತುವುದಿಲ್ಲ, ಡಿವೈಡರ್ ಹಾರುತ್ತಾರೆ. ಲಿಫ್ಟ್ ಇರುತ್ತದಲ್ಲ ಎನ್ನುವವರು ಅದು ಕೆಟ್ಟ ದಿನ ಗಾಲಿಕುರ್ಚಿಯವರು ಏನು ಮಾಡಬೇಕೆಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಜಾಹೀರಾತು ಹಕ್ಕಿಗೆ ಬದಲಾಗಿ ಖಾಸಗಿಯವರು ಕಟ್ಟಿದ ಸ್ಕೈವಾಕ್‌ಗಳಿವೆ. ಫಲಕ ಚೆನ್ನಾಗಿ ಕಾಣುವ ಜಾಗವೇ ಜನ ದಾಟುವ ಜಾಗವಾಗಿರಬೇಕೆಂದೇನೂ ಇಲ್ಲ.

ಈಗ ನಿಮ್ಮ ರಸ್ತೆಯನ್ನು ನೋಡೋಣ. ಮೂರೂವರೆ ಮೀಟರಿನ ಮೂರು ಸಾಲೆಂದರೆ ಒಂದು ಬದಿಗೆ ಹತ್ತೂವರೆ ಮೀಟರ್. ಸೆಕೆಂಡಿಗೆ 0.8 ಮೀಟರ್ ನಡೆಯುವ ವೃದ್ಧರಿಗೆ ಅದನ್ನು ದಾಟಲು 13 ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟು ಹೊತ್ತಿನಲ್ಲಿ 200 ಮೀಟರಿಗೂ ಹೆಚ್ಚು ಕ್ರಮಿಸುತ್ತದೆ. ಅಂದರೆ ಅವರು ಹೆಜ್ಜೆ ಕೆಳಗಿಡುವ ಮುಂಚೆ ಮೂರೂ ಸಾಲಿನಲ್ಲಿ ಅಷ್ಟು ದೂರ ಖಾಲಿ ಇರಬೇಕು, ಸಂಜೆ ಏಳಕ್ಕೆ ಅಂಥ ಖಾಲಿ ಜಾಗ ಸಿಗುವುದಿಲ್ಲ. ಅದೇ ವೇಗ 30ಕ್ಕೆ ಇಳಿದರೆ ಬೇಕಾಗುವ ಅಂತರ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನೀವು ಕೇಳಬೇಕಾದದ್ದು ಎರಡೇ: ವೇಗ ತಗ್ಗಬೇಕು, ಒಂದೇ ಉಸಿರಿಗೆ ದಾಟಬೇಕಾದ ಅಗಲ ತಗ್ಗಬೇಕು.

ಇದಕ್ಕೆ ಭೂಸ್ವಾಧೀನ ಬೇಕಾಗಿಲ್ಲ. ದಾಟುವ ಜಾಗದ ಆಸುಪಾಸಿನಲ್ಲಿ ಪ್ರತಿ ಸಾಲನ್ನು ಮೂರು ಮೀಟರಿಗೆ ಇಳಿಸಿದರೆ ಒಂದೊಂದು ಬದಿಯಲ್ಲೂ ಒಂದೂವರೆ ಮೀಟರ್ ಉಳಿಯುತ್ತದೆ. ಅದನ್ನು ಡಿವೈಡರ್‌ಗೆ ಸೇರಿಸಿದರೆ ತಳ್ಳುಗಾಡಿ ಹಿಡಿದವರೂ ನಡುವೆ ನಿಂತು ಉಸಿರಾಡುವಷ್ಟು ತಾಣವಾಗುತ್ತದೆ, ಸಾಲು ಕಿರಿದಾದಾಗ ಚಾಲಕರ ಕಾಲು ತಾನಾಗಿಯೇ ಆಕ್ಸಿಲರೇಟರ್‌ನಿಂದ ಮೇಲೇಳುತ್ತದೆ. ಅಲ್ಲಿ ಡಿವೈಡರ್‌ನ ಗಿಡಗಳು ಮೊಣಕಾಲೆತ್ತರ ಮೀರಬಾರದು. ಮೀರಿದರೆ ಹಿಂದೆ ನಿಂತ ಮಗು ಕಾಣುವುದಿಲ್ಲ. ವಾಹನಗಳ ನಿಲುಗಡೆ ಗೆರೆ ಝೀಬ್ರಾಕ್ಕೆ ಅಂಟಿಕೊಂಡಿರದೆ ಕೆಲವು ಮೀಟರ್ ಹಿಂದಿರಬೇಕು. ಮೊದಲ ಸಾಲಿನ ಬಸ್ಸು ಸೌಜನ್ಯದಿಂದ ನಿಂತಾಗ ಅದರ ಮರೆಯಿಂದ ಎರಡನೆಯ ಸಾಲಿನ ಬೈಕು ನುಗ್ಗಿ ಹೊಡೆಯುವುದು ಇಂಥ ರಸ್ತೆಗಳ ಮಾಮೂಲಿ ಅಪಘಾತ. ಬಸ್ ತಂಗುದಾಣವು ಝೀಬ್ರಾವನ್ನು ದಾಟಿದ ಮೇಲೆ ಬರುವಂತಿದ್ದರೆ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ. ದೀಪದ ಕಂಬ ವಾಹನ ಬರುವ ಕಡೆಗೆ, ಝೀಬ್ರಾಕ್ಕಿಂತ ತುಸು ಮುಂಚೆ ಇರಬೇಕು. ನೆತ್ತಿಯ ಮೇಲಿದ್ದರೆ ನಡೆಯುವವರು ಬರೀ ಕಪ್ಪು ಆಕಾರವಾಗಿ ಕಾಣುತ್ತಾರೆ.

ಇಷ್ಟಾದರೂ ನಿಮ್ಮಂಥ ಕಡೆ ಪಾದಚಾರಿ ಸಿಗ್ನಲ್ ಬೇಕೇ ಬೇಕು. ಟ್ರಾಫಿಕ್ ಜಾಮ್ ಆಗುತ್ತದೆಂದು ನಿಮ್ಮ ಬಾಯಿ ಮುಚ್ಚಿಸಲು ನೋಡುತ್ತಾರೆ. ರಸ್ತೆ ವಿನ್ಯಾಸದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 103ನೇ ಸಂಹಿತೆಯ ಸೂತ್ರ ಹಿಡಿದುಕೊಂಡು ಹೋಗಿ. ದಟ್ಟಣೆಯ ವೇಳೆಯಲ್ಲಿ ಗಂಟೆಗೆ ಓಡುವ ವಾಹನಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಆಮೇಲೆ ದಾಟುವ ಜನರ ಸಂಖ್ಯೆಯಿಂದ ಗುಣಿಸಿ. ಡಿವೈಡರ್ ಇರುವ ರಸ್ತೆಯಲ್ಲಿ ಗುಣಲಬ್ಧ 20 ಕೋಟಿ ಮೀರಿದರೆ ನಿಯಂತ್ರಿತ, ಅಂದರೆ ಸಿಗ್ನಲ್ ಇರುವಂಥ, ದಾಟುದಾರಿ ಕೇಳಲು ಆಧಾರ ಸಿಕ್ಕಿತೆಂದರ್ಥ. ಗಂಟೆಗೆ 3,000 ವಾಹನಗಳಿದ್ದಲ್ಲಿ 23 ಜನ ದಾಟಿದರೆ ಸಾಕು, ಅದು ಮೀರುತ್ತದೆ. ಮಹಡಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಕುಳಿತು ಎಣಿಸಿ. ನೂರು ಸಹಿಗಳ ಮನವಿಗಿಂತ ಈ ಒಂದು ಹಾಳೆಗೆ ತೂಕ ಹೆಚ್ಚು. ಕೊಡುವ ಮೊದಲು ಆ ತುಂಡು ಹೆದ್ದಾರಿಯವರದೋ ಪಾಲಿಕೆಯದೋ ಎಂದು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಸಂಚಾರ ಪೊಲೀಸರಿಗೂ ಒಂದು ಪ್ರತಿ ಇರಲಿ. ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಿನಲ್ಲಿ ಹೇಳಿದೆ. ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಲ್ಲಿ ಅವಕಾಶವಿದೆ. ಎರಡನ್ನೂ ಪತ್ರದ ಕೊನೆಯಲ್ಲಿ ಬರೆಯಿರಿ, ಮೊದಲಲ್ಲಿ ಬೇಡ. ಬೆದರಿಕೆಯಿಂದ ಶುರುವಾಗುವ ಪತ್ರವನ್ನು ಎಂಜಿನಿಯರುಗಳು ಮುಂದಕ್ಕೆ ಓದುವುದಿಲ್ಲ.

ಪ್ರಶ್ನೆ: ಚಂದಾ ಎತ್ತಿ ನಾವೇ ರಬ್ಬರ್ ಹಂಪ್ ಹಾಕಿಸಬಹುದೇ?

ಉತ್ತರ: ಕೂಡದು. ಸರಿಯಾದ ಹಂಪ್ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಮಾತ್ರ ಉಬ್ಬಿರುತ್ತದೆ. ಅಂಗಡಿಯವರು ನಿಮಗೆ ಮಾರುವ, ಅಗಲ ಸಾಲದ ದಿಂಡು ರಾತ್ರಿ ಬೈಕಿನವರನ್ನು ಕೆಡವುತ್ತದೆ. ಮುಖ್ಯರಸ್ತೆಯಲ್ಲಂತೂ ಅದರ ಮಾತೇ ಬೇಡ.

ಪ್ರಶ್ನೆ: ಕೈ ಅಡ್ಡ ಹಿಡಿದು ನಡೆದರೆ ವಾಹನಗಳು ನಿಲ್ಲುತ್ತವೆಯಲ್ಲವೇ?

ಉತ್ತರ: 50 ಕಿ.ಮೀ. ವೇಗದ ಕಾರು, ಬ್ರೇಕು ಚೆನ್ನಾಗಿದ್ದು ರಸ್ತೆ ಒಣಗಿದ್ದರೂ, ನಿಲ್ಲಲು ಸುಮಾರು 28 ಮೀಟರ್ ತೆಗೆದುಕೊಳ್ಳುತ್ತದೆ. ನಿಮ್ಮ ಅಂಗೈ ಆ ಲೆಕ್ಕವನ್ನು ಬದಲಿಸುವುದಿಲ್ಲ.

ಪ್ರಶ್ನೆ: ಎದ್ದು ನಿಂತಂತೆ ಕಾಣುವ ತ್ರೀ-ಡಿ ಝೀಬ್ರಾ ಬರೆಸಿಕೊಡುತ್ತೇವೆಂದು ಕಂಪನಿಯೊಂದು ಬಂದಿದೆ.

ಉತ್ತರ: ದಿನಾ ಅದೇ ದಾರಿಯಲ್ಲಿ ಓಡಾಡುವ ಚಾಲಕ ಎಷ್ಟು ದಿನ ಮೋಸ ಹೋಗುತ್ತಾನೆ? ಅವರನ್ನು ಕಳಿಸಿಬಿಡಿ.

ಪ್ರಶ್ನೆ: ಅಪಘಾತವಾಗುವ ಜಾಗದಲ್ಲಿ ದೋಷವಿದೆಯೆಂದು ಅಮಾವಾಸ್ಯೆಯಂದು ಬೂದುಗುಂಬಳ ಒಡೆಸುತ್ತಿದ್ದಾರೆ.

ಉತ್ತರ: ದೋಷವಿರುವುದು ರಸ್ತೆಯ ವಿನ್ಯಾಸದಲ್ಲಿ. ಒಡೆದ ಕಾಯಿಯ ತಿರುಳಿನ ಮೇಲೆ ದ್ವಿಚಕ್ರ ವಾಹನ ಜಾರಿದರೆ ಅಲ್ಲಿಯೇ ಇನ್ನೊಂದು ಅಪಘಾತವಾಗುತ್ತದೆ. ಒಡೆಯಲೇಬೇಕೆಂದಿದ್ದರೆ ನಿಮ್ಮ ಗೇಟಿನ ಒಳಗೆ ಒಡೆದು, ಆಗಿಂದಾಗ ಗುಡಿಸಿ ಹಾಕಿ.